ಅತ್ತೆಗೊಂದು ಕೌಜುಗ

ಶಿಕಾರಿ ಮಾಂಸದ ಅಡಿಗೆ ಹೇಗೆ ಮಾಡುತ್ತಿದ್ದಿರಿ ಎಂದು ಮೊಮ್ಮಕ್ಕಳು ನನ್ನನ್ನು ಕೇಳುತ್ತಾರೆ. ಈಗ ಕಾಡುಜೀವ ಹಿಡಿಯುವುದೂ ಮಾರುವುದೂ ಕಾನೂನಿಗೆ ವಿರುದ್ಧ, ಒಳ್ಳೆಯದೇ ಆಯಿತು. ಅಡಿಗೆ ಅಂಥ ಕಷ್ಟದ್ದೇನಲ್ಲ. ಕೊಳ್ಳುವುದರಲ್ಲೇ ನನಗೆ ಸಾಕುಸಾಕಾಗಿ ಹೋಗಿತ್ತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಅದಕ್ಕೇ ಬರೆಯಲು ಕುಳಿತಿದ್ದೇನೆ.

ಐವತ್ತರ ದಶಕದ ಕೊನೆಯ ಮಾತು. ನಾನು ಬಾಗೇವಾಡಿಯಿಂದ ಸಿಂದಗಿಗೆ ಸೊಸೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಗಂಡ ಕನ್ನಡ ಸಾಲಿಯ ಮಾಸ್ತರರು. ಮಾವ ತೀರಿಕೊಂಡಿದ್ದರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಆ ಚಳಿಗಾಲದಲ್ಲಿ ಅತ್ತೆಗೆ ಮುದ್ದತಿನ ಜ್ವರ, ಅಂದರೆ ಟೈಫಾಯ್ಡ್, ಬಂತು. ಜ್ವರವೇನೋ ಬಿಟ್ಟಿತು, ಆದರೆ ಬಾಯಿರುಚಿ ಪೂರ್ತಿ ಹೋಯಿತು. ಗಂಜಿ ಕೊಟ್ಟರೆ ಮುಖ ತಿರುಗಿಸುತ್ತಿದ್ದರು, ಹಾಲು ಕೊಟ್ಟರೆ ವಾಂತಿ. ಹೊಟ್ಟೆಗೆ ಏನಾದರೂ ಬೀಳದಿದ್ದರೆ ಈಕೆ ಹಾಸಿಗೆಯಿಂದ ಏಳುವುದಿಲ್ಲ ಎಂದು ಡಾಕ್ಟರು ಬಾಗಿಲಲ್ಲಿ ನಿಂತು ಹೇಳಿಯೇ ಹೋದರು. ದಿನಾ ತಟ್ಟೆ ಒಯ್ಯುವುದು, ಹಾಗೇ ವಾಪಸು ತರುವುದು. ಒಂದು ಸಂಜೆ ಅವರೇ ಬಾಯಿಬಿಟ್ಟು ಕೇಳಿದರು.

"ಕೌಜಗದ ಸಾರು ಆದ್ರ ಎರಡ ತುತ್ತು ತಿಂದೇನು ನೋಡವಾ."

ಕೌಜುಗವೆಂದರೆ ಜೋಳದ ಹೊಲದ ಬದುವಿನಲ್ಲಿ ಓಡಾಡುವ ಬೂದುಬಣ್ಣದ ಹಕ್ಕಿ, ಕೋಳಿಗಿಂತ ಸಣ್ಣದು. ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಸುಗ್ಗಿಯ ಹೊತ್ತಿಗೆ ಊರ ಹೊರಗೆ ಬೀಡು ಬಿಡುತ್ತಿದ್ದ ಶಿಕಾರಿಯವರು ಬಲೆ ಹಾಕಿ ಹಿಡಿಯುತ್ತಿದ್ದರು. ಅವರ ಹೆಣ್ಣುಮಗಳೊಬ್ಬಳು ಬುಟ್ಟಿ ಹೊತ್ತು ಓಣಿಯಲ್ಲಿ ಬರುತ್ತಿದ್ದಳು. ಕರೆದೆ. ಬುಟ್ಟಿ ಇಳಿಸಿ ಬಟ್ಟೆ ಸರಿಸಿದಳು. ತುಂಬಿದ ಎದೆಯ ಎರಡು ಕೌಜುಗ, ಎರಡರ ಕತ್ತೂ ತಿರುವಿ ಮುಗಿದಿತ್ತು.

ನಮ್ಮಲ್ಲಿ ಜೀವ ಇರುವಾಗಲೇ ಅಲ್ಲಾಹನ ಹೆಸರು ಹೇಳಿ ಹಲಾಲ ಮಾಡಬೇಕು. ಕತ್ತು ತಿರುವಿದ್ದು ಒಲೆ ಹತ್ತಿರವೂ ಬರುವಂತಿಲ್ಲ. ಅವಳಿಗೆ ಬಿಡಿಸಿ ಹೇಳಿದೆ. ತಲೆ ಅಲ್ಲಾಡಿಸಿ ಹೋದವಳು ಮುಂದಿನ ಸಲ ಇನ್ನೂ ಚಂದದ ಹಕ್ಕಿ ತಂದಳು. ಅದೂ ಸತ್ತದ್ದೇ.

"ಮರತ್ನಿರಿ ಅಕ್ಕಾರ," ಅಂದಳು. "ಬಲಿಯಾಗಿಂದ ತಗದ ಕೂಡ್ಲೆ ಕತ್ತ ತಿರುವಾಕ ಕೈ ತಾನ ಹೋಗತೈತಿ. ಒದ್ದಾಡೂದು ನೋಡಾಕ ಆಗೂದಿಲ್ರಿ."

ಅವಳ ಕೈಗೆ ಅದು ಕರುಣೆ, ನಮ್ಮ ಮನೆಗೆ ಹರಾಮು. ಯಾರಿಗೆ ಬೈಯಲಿ? ಹೊತ್ತು ಮುಳುಗಿದ ಮೇಲೆ ಸಾಲಿಯಿಂದ ಬಂದ ಗಂಡ, "ಸಿಕ್ತೇನು?" ಎಂದು ಕೇಳಿ ಕೈಕಾಲು ತೊಳೆಯಲು ಹೋಗುತ್ತಿದ್ದರು. ಅಷ್ಟು ಕೇಳಿದರೆ ಮಗನ ಕೆಲಸ ಮುಗಿಯಿತು. ಒಳಗೆ ಅತ್ತೆಯ ಕೆನ್ನೆ ದಿನದಿಂದ ದಿನಕ್ಕೆ ಗುಳಿ ಬೀಳುತ್ತಿತ್ತು.

ಕೊನೆಗೂ ಅವಳು ಜೀವಂತ ಹಕ್ಕಿ ತಂದಳು, ರೆಕ್ಕೆಗೂ ಕಾಲಿಗೂ ಒಂದೇ ದಾರ ಸುತ್ತಿ. ಅದು ರಜೆಯ ದಿನ, ಗಂಡ ಮನೆಯಲ್ಲೇ ಇದ್ದರು. ಹಲಾಲ ಮಾಡಲು ಯಾವ ಮುಸಲ್ಮಾನನಾದರೂ ಸಾಕು. ಆದರೆ ಹುಡುಗರಿಗೆ ಯುದ್ಧಗಳ ಪಾಠವನ್ನು ಕೈ ಬೀಸಿ ಬೀಸಿ ಹೇಳುವ ನಮ್ಮ ಮಾಸ್ತರರಿಗೆ ರಕ್ತ ಕಂಡರೆ ತಲೆ ಸುತ್ತುತ್ತದೆ! ಮುಲ್ಲಾರನ್ನು ಕರೆತರುತ್ತೇನೆಂದು ಹೋಗಿ, ಅವರು ಮದುವೆಮನೆಯ ಕುರಿ ಕೊಯ್ಯಲು ಕನ್ನೊಳ್ಳಿಗೆ ಹೋಗಿದ್ದಾರೆ, ಮಧ್ಯಾಹ್ನಕ್ಕೆ ಬರುತ್ತಾರಂತೆ ಎಂಬ ಸುದ್ದಿ ಮಾತ್ರ ತಂದರು.

ಕೊಯ್ಯುವ ಮುಂಚೆ ಜೀವಕ್ಕೆ ನೀರು ಕುಡಿಸಬೇಕು, ಅದು ನಮ್ಮ ಪದ್ಧತಿ. ಬಟ್ಟಲಲ್ಲಿ ನೀರಿಟ್ಟೆ. ಹಕ್ಕಿಗೆ ಕತ್ತು ಬಗ್ಗಿಸಲು ಬರುತ್ತಿರಲಿಲ್ಲ, ದಾರ ಅಷ್ಟು ಬಿಗಿ. ಪಾಪ ಕುಡಿಯಲಿ ಎಂದು ಒಂದು ಗಂಟು ಸಡಿಲಿಸಿದೆ. ಬಟ್ಟಲು ಉರುಳಿತು, ನನ್ನ ಮುಖಕ್ಕೆ ನೀರು ಹಾರಿತು, ಹಕ್ಕಿ ಗೋಡೆ ದಾಟಿ ಪಕ್ಕದ ಮನೆಯ ಅಂಗಳಕ್ಕೆ ಬಿತ್ತು.

ಪಕ್ಕದವರು ಲಿಂಗಾಯತರು. ಆ ಮನೆಯ ಯಜಮಾನಿ ನನಗೆ ಸ್ವಂತ ಅಕ್ಕನಿಗಿಂತ ಹೆಚ್ಚು. ಅತ್ತೆಗೆಂದು ದಿನಾ ತಿಳಿಮಜ್ಜಿಗೆ ಕಳಿಸುತ್ತಿದ್ದರು. ಅತ್ತೆ ಕುಡಿಯುತ್ತಿರಲಿಲ್ಲ, ನಾನು ಕುಡಿಯುತ್ತಿದ್ದೆ. ನಾನು ಓಡಿ ಹೋಗುವಷ್ಟರಲ್ಲಿ ಅಕ್ಕ ಹಕ್ಕಿಯ ಮೇಲೆ ಬುಟ್ಟಿ ಮುಚ್ಚಿ, ಸಂದಿಯಲ್ಲಿ ಜೋಳದ ಕಾಳು ಹಾಕುತ್ತ ಕುಳಿತಿದ್ದರು.

"ತಂಗಿ, ಬ್ಯಾರೆ ಏನರೆ ಕೇಳು, ಕೊಡ್ತೇನಿ. ನಮ್ಮ ಮನಿಗೆ ಬಂದ ಜೀವಾನ ಕೊಯ್ಯಾಕ ಹೆಂಗ ಕೊಡ್ಲಿ?"

"ಅವ್ವಾರು ಊಟಾನ ಬಿಟ್ಟಾರ್ರಿ ಅಕ್ಕಾರ."

"ಗೊತ್ತೈತಿ. ಅದಕ್ಕ ಮಜ್ಜಿಗಿ ಕಳಸ್ತೇನಲ್ಲ."

ಇದಕ್ಕೆ ಏನು ಹೇಳುತ್ತೀರಿ? ಜಗಳವಾಡುವ ಹಾಗಿಲ್ಲ, ಬಿಟ್ಟು ಬರುವ ಹಾಗಿಲ್ಲ. ಮಜ್ಜಿಗೆಯ ಚೊಂಬು ಹಿಡಿದು ವಾಪಸು ಬಂದೆ. ಸಂಜೆ ಅಕ್ಕನ ಆಳು ಆ ಹಕ್ಕಿಯನ್ನು ಒಯ್ದು ಹೊಲದಲ್ಲಿ ಬಿಟ್ಟು ಬಂದ. ಅಡಿಗೆಮನೆಯಲ್ಲಿ ಕುಳಿತು, ಅರೆದಿಟ್ಟ ಮಸಾಲೆ ನೋಡುತ್ತ, ಹುಟ್ಟಿದ ಊರಿನಲ್ಲೇ ಇರಬಾರದಿತ್ತೇ ಎಂದು ಕಣ್ಣೀರು ಹಾಕಿದೆ.

ಮತ್ತೊಂದು ಹಕ್ಕಿ ಸಿಗಲು ಎರಡು ವಾರ ಹಿಡಿಯಿತು. ಅಲ್ಲಿಯವರೆಗೆ ಅತ್ತೆ ನನ್ನ ಬಲವಂತಕ್ಕೆ ಗಂಜಿಯ ತಿಳಿ ಎರಡು ಗುಟುಕು ಕುಡಿದು ದಿನ ತಳ್ಳಿದರು. ಈ ಸಲ ಮುಲ್ಲಾ ಊರಲ್ಲೇ ಇದ್ದರು, ನೀರನ್ನು ಅವರ ಕೈಯಿಂದಲೇ ಕುಡಿಸಿದೆ, ದಾರ ಮುಟ್ಟಲಿಲ್ಲ. ಇನ್ನು ಅಡಿಗೆ. ಕೌಜುಗದ ಪುಕ್ಕ ಕೀಳುತ್ತ ಕೂರಬಾರದು, ತೊಗಲಿನ ಸಮೇತ ಸುಲಿದುಬಿಡಬೇಕು. ಮೈಯಲ್ಲಿ ನೆಣವೇ ಇಲ್ಲದ ಮಾಂಸ, ಅವಸರ ಮಾಡಿದರೆ ನಾರಾಗುತ್ತದೆ. ಅರಿಶಿನ, ಉಪ್ಪು, ಮೊಸರು ಸವರಿ ಮುಚ್ಚಿಟ್ಟೆ. ಒಣಕೊಬ್ಬರಿ ಕೆಂಡದಲ್ಲಿ ಸುಟ್ಟು ಬೆಳ್ಳುಳ್ಳಿಯ ಜೊತೆ ಅರೆದೆ. ಮಣ್ಣಿನ ಗಡಿಗೆಯಲ್ಲಿ ಕುಸುಬಿ ಎಣ್ಣೆ, ಉಳ್ಳಾಗಡ್ಡಿ, ಆಮೇಲೆ ಮಾಂಸ. ಒಲೆಗೆ ಜೋಳದ ಕಣಿಕೆ, ಅಂದರೆ ಒಣದಂಟು, ಬೇಡವೇ ಬೇಡ, ಭಗ್ಗೆಂದು ಉರಿದು ಆರುತ್ತದೆ. ಹತ್ತಿಕಟ್ಟಿಗೆಯ ಸಣ್ಣ ಉರಿಯಲ್ಲಿ ತಾಸುಗಟ್ಟಲೆ ಬೇಯಬೇಕು. ಇಳಿಸುವಾಗ ಇಂಡಿ ಊರಿನ ಲಿಂಬಿಹಣ್ಣು ಹಿಂಡಿದೆ. ಘಮ ಪಡಸಾಲೆಯವರೆಗೂ ಹೋಯಿತು. ಒಳಕೋಣೆಯಲ್ಲಿ ಅತ್ತೆ ತಾವಾಗಿಯೇ ಗೋಡೆಗೆ ಒರಗಿ ಎದ್ದು ಕುಳಿತರು.

ಅಷ್ಟರಲ್ಲಿ ಪಡಸಾಲೆಯಲ್ಲಿ ಬೂಟಿನ ಸಪ್ಪಳ. ಮುದ್ದೇಬಿಹಾಳದ ಕಡೆ ಸಾಲಿ ತಪಾಸಣೆ ಮುಗಿಸಿ ಬಂದಿದ್ದ ಸಾಹೇಬರನ್ನೂ ಅವರ ಕಾರಕೂನನನ್ನೂ ನನ್ನ ಗಂಡ ಊಟಕ್ಕೆಂದು ಕರೆತಂದಿದ್ದರು. ಗಂಡ ಅಡಿಗೆಮನೆಗೆ ಬಂದವರೇ ಮೂಗು ಅರಳಿಸಿದರು.

"ಯೋಗ ನೋಡು, ಸಾಹೇಬರು ಬಂದ ದಿನಾನ ಶಿಕಾರಿ ಐತಿ. ಅದನ್ನ ಬಡಸು."

"ಅದು ಅವ್ವಾರಿಗೆ."

"ಅವ್ವಗ ನಾಳೆ ಮತ್ತ ತಂದರಾತು!"

ನಾಳೆ ತರುತ್ತಾರಂತೆ! ನಾನು ಬಾಯಿ ತೆರೆಯುವ ಮೊದಲೇ ಒಳಕೋಣೆಯಿಂದ ಅತ್ತೆಯ ದನಿ ಬಂತು. "ಸಾಹೇಬರಿಗೆ ಮೊದಲ ಹಾಕವಾ. ನನಗ ವಾಸನಿ ಸಾಕು. ನಿಮ್ಮ ಮಾವ ಬಂದೂಕು ಹಿಡದು ಹೋಗಿ ತಂದದ್ದ ನಾ ಎಷ್ಟ ಬೇಯಿಸೇನಿ! ಮಂದಿ ಉಂಡ ಎದ್ದಮ್ಯಾಗ ಗಡಿಗ್ಯಾಗ ಖಾರದ ನೀರ ಉಳೀತಿತ್ತು. ಒಂದ ತುಂಡರೆ ಬಾಯಾಗ ಇಟ್ಟಾಕೆಲ್ಲ ನಾ. ನನ್ನ ಹಣ್ಯಾಗ ಬರ್ದಿಲ್ಲ, ಬಿಡು."

ಇಷ್ಟು ದಿನ ನಾನು ಅದನ್ನು ಹಳೆಯ ರುಚಿಯ ಆಸೆ ಎಂದುಕೊಂಡಿದ್ದೆ. ಅವರಿಗೆ ಆ ರುಚಿಯೇ ಗೊತ್ತಿರಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಪರಪುರುಷರೆದುರು ದನಿ ಎತ್ತದ ಮನೆ ನಮ್ಮದು. ಬಾಗಿಲ ಮರೆಯಲ್ಲೇ ನಿಂತು, ಪಡಸಾಲೆಗೆ ಚೆನ್ನಾಗಿ ಕೇಳುವಂತೆ ಹೇಳಿದೆ.

"ಶಿಕಾರಿ ನಮ್ಮ ಅತ್ತಿಯವರಿಗೆ ಮಾಡೇನಿ. ಅವರು ಎಷ್ಟೋ ದಿನದಿಂದ ಉಂಡಿಲ್ಲ. ಸಾಹೇಬರಿಗೆ ಬಿಸಿ ರೊಟ್ಟಿ, ಝುಣಕಾ ಐತ್ರಿ."

ಗಂಡ ನನ್ನನ್ನು ನುಂಗುವ ಹಾಗೆ ನೋಡಿದರು. ಸಾಹೇಬರು ಕೆಮ್ಮಿ, "ಝುಣಕಾ ಛಲೋ ಆತ್ರಿ," ಎಂದರು.

ನಾನು ಗಡಿಗೆಯನ್ನೇ ಎತ್ತಿಕೊಂಡು ಒಳಕೋಣೆಗೆ ಹೋದೆ. ಅತ್ತೆ ಬೇಡ ಬೇಡವೆಂದರೂ ತಟ್ಟೆಗೆ ತೊಡೆಯ ತುಂಡು ಹಾಕಿದೆ. ಹೆದರಿದವರ ಹಾಗೆ ಬಾಗಿಲ ಕಡೆ ನೋಡಿ, ಬಾಯಿಗಿಟ್ಟುಕೊಂಡರು. ಅಗಿದರು. ಬಹಳ ಹೊತ್ತು ಅಗಿದರು.

"ಬರೇ ಇಷ್ಟ ಏನು?" ಎಂದರು.

"ಛಲೋ ಆಗಿಲ್ಲೇನ್ರಿ?"

"ಆಗೇತಿ. ಕೋಳಿ ಇದ್ದಂಗ ಐತಿ. ಇದಕ್ಕ ಅವರೆಲ್ಲಾ ಅಷ್ಟ ಹಾರಾಡ್ತಿದ್ರೇನು?" ಬೆರಳು ನೆಕ್ಕಿ ತಟ್ಟೆ ಮುಂದೆ ಸರಿಸಿದರು. "ಇನ್ನೊಂದ ತುಂಡ ಹಾಕು. ರುಚಿ ಅಂತಲ್ಲವಾ. ಇವತ್ತ ಎಲ್ಲಾ ನಾನ ತಿಂತೇನಿ."

ಎಲುಬು ಚೀಪುತ್ತ ಕುಳಿತ ಅವರನ್ನು ನೋಡಿ, ನಮ್ಮ ಪಡಸಾಲೆಯಲ್ಲಿ ಉಂಡು ಎದ್ದು ಹೋದ ಅಷ್ಟೂ ಜನರ ಮೇಲೆ ಸಿಟ್ಟು ಬಂದು ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ತಲೆ ಎತ್ತಲಿಲ್ಲ, ತಿನ್ನುತ್ತಲೇ ಇದ್ದರು. ನಾನು ಗಡಿಗೆ ಬಗ್ಗಿಸಿ ತಳದ ಸಾರನ್ನೂ ಅವರ ತಟ್ಟೆಗೇ ಸುರಿದೆ.