ಗೊಬ್ಬರದ ಗುಂಡಿಯಿಂದ ಎದ್ದುಬಂದ ಬತುಕಮ್ಮ

ಗೆಳೆಯರೇ, ಇವತ್ತು ನಾನು ಪಕ್ಕದ ಮನೆಯವರ ಹಬ್ಬವನ್ನೇ ಗುಂಡಿಗೆ ಹಾಕಿ ಮುಚ್ಚಿಬಿಟ್ಟಿದ್ದೆ!

ತಾರ್ನಾಕದ ನಮ್ಮ ಅಪಾರ್ಟ್‌ಮೆಂಟಿನ ಹಿತ್ತಲ ಮಣ್ಣಿನ ತುಂಬ ಬಿಲ್ಡರ್ ಬಿಟ್ಟುಹೋದ ಸಿಮೆಂಟು, ಜಲ್ಲಿ. ಒಂದು ಮೆಣಸಿನ ಗಿಡವೂ ಅಲ್ಲಿ ಬದುಕುತ್ತಿರಲಿಲ್ಲ. ಗೊಬ್ಬರ ಮಾಡಿ ಹಾಕೋಣವೆಂದು ಬೆಳಿಗ್ಗೆ ಪಕ್ಕದ ಖಾಲಿ ಸೈಟಿನ ಕಳೆಯನ್ನೆಲ್ಲ ಕಿತ್ತು ಗುಂಡಿಗೆ ತುಂಬಿ, ಮೇಲೆ ಸಗಣಿ ನೀರು ಚಿಮುಕಿಸಿದ್ದೆ.

ಮಧ್ಯಾಹ್ನ ಪಕ್ಕದ ಮನೆಯ ಪದ್ಮಾ ಆಂಟಿ ಬುಟ್ಟಿ ಹಿಡಿದು ಬಂದವರು ಬೋಳು ಸೈಟು ನೋಡಿ ಚೀರಿದರು, "ನಾ ಗುನುಗು ಪೂಲು ಎಕ್ಕಡಮ್ಮಾ?" ನನ್ನ ಗುನುಗು ಹೂ ಎಲ್ಲಮ್ಮಾ ಎಂದು, ತೆಲುಗಿನಲ್ಲಿ.

ಗುನುಗು ಎಂದರೆ ಬಿಳಿ ತೆನೆಯಂಥ ಹೂ ಬಿಡುವ ಕಳೆ. ಸಂಜೆಯ ಬತುಕಮ್ಮ ಹಬ್ಬಕ್ಕೆ ಹೂವಿನ ಗೋಪುರ ಕಟ್ಟಿ ದೇವಿಯೆಂದು ಪೂಜಿಸಲು ಅವರಿಗೆ ಅದೇ ಬೇಕು. ನಾನು ಗುಂಡಿ ತೋರಿಸಿದೆ.

"ಭಾಳ ಛಲೋ ಮಾಡ್ದಿ! ಇವರ ದೇವೀನ ಹೂತು ಬಂದೀಯಲ್ಲ!" ಬಾಲ್ಕನಿಯಿಂದ ನನ್ನ ಗಂಡ ನಕ್ಕರು.

ಅಷ್ಟರಲ್ಲಿ ಆಂಟಿ ಸೀರೆ ಎತ್ತಿ ಕಟ್ಟಿ ಗುಂಡಿಗೇ ಇಳಿದಿದ್ದರು. "ಆಂಟಿ, ಸಗಣಿ ಹಾಕಿದ್ದೀನಿ!" ಎಂದೆ. "ಒಳ್ಳೆಯದೇ ಆಯ್ತು, ಮಡಿ ಆಗಿದೆ!" ಎಂದು ತೆಲುಗಿನಲ್ಲೇ ಗದರಿ, ತೆನೆಗಳನ್ನು ಎಳೆದೆಳೆದು ತೊಳೆದರು.

ಸಂಜೆ ಹೆಂಗಸರೆಲ್ಲ ನನ್ನ ಕಳೆಯ ಸುತ್ತ ಚಪ್ಪಾಳೆ ತಟ್ಟಿ ಹಾಡಿದರು. ನಾನೂ ತಪ್ಪು ತಪ್ಪಾಗಿ ಕುಣಿದೆ. ಟಬ್ಬಿನ ನೀರಿನಲ್ಲಿ ಬತುಕಮ್ಮನನ್ನು ಬಿಟ್ಟ ಮೇಲೆ ಆಂಟಿ ಒದ್ದೆ ಹೂಗಳನ್ನೆಲ್ಲ ನನ್ನ ಬುಟ್ಟಿಗೆ ಸುರಿದು, "ಈಗ ಹಾಕ್ಕೋ. ಗೊಬ್ಬರ ಆದಾಗ ಅರ್ಧ ನಂದು," ಎಂದರು.

ಪೂಜೆ, ಹಾಡು, ಸ್ನಾನ ಎಲ್ಲ ಮುಗಿಸಿಕೊಂಡು ಬಂದ ಇಂಥ ಗೊಬ್ಬರಕ್ಕೂ ಚಿಗುರದಿದ್ದರೆ, ಅದು ಮಣ್ಣಿನ ದೋಷವಲ್ಲ, ಮೆಣಸಿನ ಗಿಡದ ಸೊಕ್ಕು.