ಅನ್ನಮ್ಮನವರ ಹಿಡಿ ಅಕ್ಕಿ

ನಾಂಪಲ್ಲಿ ಸ್ಟೇಷನ್ನಿನ ಹಿಂದಿರುವ ನಮ್ಮ ಕನ್ನಡ ಚರ್ಚಿನಲ್ಲಿ ಪಾಸ್ಟರ್ ಬದಲಾಗುತ್ತಾರೆ, ಕಮಿಟಿ ಬದಲಾಗುತ್ತದೆ. ಬೀದರ್ ಕಡೆಯ ಅನ್ನಮ್ಮನವರು ಮಾತ್ರ ಜಪ್ಪಯ್ಯ ಎಂದರೂ ಬದಲಾಗುವುದಿಲ್ಲ. ಬಾಗಿಲ ಪಕ್ಕದ ಅಕ್ಕಿ ಡ್ರಮ್ಮು ಮೂವತ್ತು ವರ್ಷದಿಂದ ಅವರದ್ದೇ. ಅನ್ನಕ್ಕಿಡುವ ಮುಂಚೆ ಪ್ರತಿಸಲ ಒಂದು ಹಿಡಿ ಅಕ್ಕಿ ದೇವರಿಗೆಂದು ತೆಗೆದಿಟ್ಟು ಭಾನುವಾರ ತರುವುದು ನಮ್ಮವರ ಪದ್ಧತಿ. ಹತ್ತು ಮನೆಯ ಅಕ್ಕಿ ಕೂಡಿದರೆ ಅನ್ನ ನೆಟ್ಟಗಾಗುವುದಿಲ್ಲ, ಹಾಗಾಗಿ ಅನ್ನಮ್ಮ ಗಂಜಿ ಕಾಯಿಸುತ್ತಾರೆ. ಆರಾಧನೆ ಮುಗಿದ ಮೇಲೆ ಸ್ಟೇಷನ್ನಿನ ಹಮಾಲರು, ಹಸಿದು ಬಂದವರು ಯಾರೇ ಇರಲಿ, ಕುಡಿದು ಹೋಗುತ್ತಾರೆ.

ಸಾಫ್ಟ್‌ವೇರ್ ಕಂಪನಿಗಳು ಬಂದು ಊರು ಕೊಂಡಾಪುರದ ಕಡೆ ಬೆಳೆಯಿತು. ಹಳೆಯ ಮನೆಯವರು ದೂರದ ಅಪಾರ್ಟ್‌ಮೆಂಟು ಸೇರಿದರು. ಕಾಣಿಕೆ ಚೆಕ್ಕಿನಲ್ಲಿ ಬರತೊಡಗಿತು, ಡ್ರಮ್ಮಿನ ತಳ ಕಂಡಿತು. ಈಸ್ಟರ್ ಆದಮೇಲೆ ಗಂಜಿ ನಿಲ್ಲಿಸುವುದೆಂದು ಕಮಿಟಿ ತೀರ್ಮಾನಿಸಿ, ನೋಟೀಸು ಓದುವ ಕೆಲಸವನ್ನು ಕಾರ್ಯದರ್ಶಿಯಾದ ನನ್ನ ಕೊರಳಿಗೆ ಕಟ್ಟಿತು. ಆ ಒಲೆ ಆರಿದರೆ ಅನ್ನಮ್ಮನವರಿಗೆ ಭಾನುವಾರವೇ ಉಳಿಯುವುದಿಲ್ಲ. ನೋಟೀಸು ಬರೆದು ಜೇಬಿನಲ್ಲಿಟ್ಟುಕೊಂಡು ಕಳ್ಳನಂತೆ ಓಡಾಡಿದೆ.

ಅಷ್ಟರಲ್ಲಿ ಮೈಸೂರಿನ ಸಿಂಚನಾ, ಕೊಂಡಾಪುರದಲ್ಲಿ ಕೆಲಸ ಮಾಡುವ ಹುಡುಗಿ, ಡ್ರಮ್ಮು ಖಾಲಿಯೆಂದು ಕೇಳಿ ಬೇಗಂ ಬಜಾರಿನಿಂದ ಒಂದು ಮೂಟೆ ಅಕ್ಕಿಯನ್ನೇ ಆಟೋದಲ್ಲಿ ತಂದಿಳಿಸಿದಳು. ನನಗೆ ಹೋದ ಜೀವ ಬಂದಂತಾಯಿತು. ಅನ್ನಮ್ಮ ಮೂಟೆ ಬಿಚ್ಚಿ ನೋಡಿ, ಮತ್ತೆ ಬಾಯಿ ಕಟ್ಟಿದರು.

"ವಾಪಸ್ ಒಯ್ಯವ್ವ."

ನನಗೆ ಸಿಟ್ಟು ನೆತ್ತಿಗೇರಿತು. "ಅಲ್ರೀ ಅನ್ನಮ್ಮ, ಅಕ್ಕಿ ಇಲ್ಲಂತೀರಿ, ಬಂದದ್ದನ್ನ ಒಲ್ಲೆ ಅಂತೀರಿ."

"ಇದು ಅಂಗಡಿ ಅಕ್ಕಿ ಐತ್ರಿ. ತನ್ನ ಹೊಟ್ಟಿಗಿ ಅಂತ ಇಟ್ಟಿದ್ದರಾಗ ತಗದಿಟ್ಟರ ಅದು ಹಿಡಿ ಅಕ್ಕಿ."

"ನಾನು ಅಡುಗೆನೇ ಮಾಡಲ್ಲ ಅಮ್ಮ," ಎಂದಳು ಸಿಂಚನಾ. "ಕ್ಯಾಂಟೀನಲ್ಲೇ ತಿನ್ನೋದು."

"ಹಂಗಾರ ಮಾಡು," ಎಂದರು ಅನ್ನಮ್ಮ.

ಹುಡುಗಿ ಮುಖ ಸಣ್ಣದು ಮಾಡಿಕೊಂಡು ಮೂಟೆಯೊಂದಿಗೆ ಹೋದಳು. ಮೂರು ಭಾನುವಾರ ಪತ್ತೆಯಿಲ್ಲ. ಇವಳನ್ನೂ ಓಡಿಸಿದರಲ್ಲ ಎಂದು ಒಳಗೊಳಗೇ ಬೈದುಕೊಂಡೆ.

ನಾಲ್ಕನೆಯ ವಾರ ಸ್ಟೀಲ್ ಡಬ್ಬಿ ಹಿಡಿದು ಬಂದಳು. ಕುಕ್ಕರ್ ಕೊಂಡಳಂತೆ. ರೂಮಿನ ನಾಲ್ವರೂ ಸರದಿಯ ಮೇಲೆ ಅಡುಗೆ ಮಾಡುತ್ತಾರಂತೆ, ಮೊದಲ ವಾರವೆಲ್ಲ ಸೀದದ್ದೇ ಊಟವಂತೆ. ಅದೇ ಮೂಟೆಯ ಅಕ್ಕಿ. ಅನ್ನಮ್ಮ ಅಂಗೈಯಲ್ಲಿ ಹರಡಿದರು. ನಡುವೆ ಎರಡು ಸಾಸಿವೆ, ಅರಿಶಿನ ಹತ್ತಿದ ನಾಲ್ಕು ಕಾಳು.

"ಈಗ ಮನಿ ಅಕ್ಕಿ ಆತು ನೋಡು," ಎಂದು ನಕ್ಕು ಅವಳ ಗಲ್ಲ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, "ಕಾರ್ಯದರ್ಶಿ ಸಾಹೇಬ್ರ, ನಿಮ್ಮ ಮನಿ ಅಕ್ಕಿ ಕಂಡು ಎರಡು ವರ್ಷ ಆತ್ರಿ," ಎಂದರು.

ನಾನೂ ಚೆಕ್ಕಿನವನೇ. ನಾಚಿಕೆಯಾಯಿತು. ಆ ವಾರ ಕಮಿಟಿಯ ಒಬ್ಬೊಬ್ಬರಿಗೂ ಫೋನು ಮಾಡಿ, ನಿಮ್ಮ ಮನೆಯ ಹಿಡಿ ಬಂದ ಮೇಲೆ ಒಲೆ ಆರಿಸುವ ಮಾತು ಎಂದೆ.

ಭಾನುವಾರ ನನ್ನ ಅಕ್ಕಿಯನ್ನು, ಓದದೇ ಜೇಬಿನಲ್ಲೇ ಉಳಿದಿದ್ದ ಆ ನೋಟೀಸಿನಲ್ಲೇ ಪೊಟ್ಟಣ ಕಟ್ಟಿ ಕೊಟ್ಟೆ. ಅನ್ನಮ್ಮ ಅಕ್ಕಿ ಸುರಿದು, ಕಾಗದ ಬಿಡಿಸಿ ನಿಧಾನವಾಗಿ ಪೂರ್ತಿ ಓದಿದರು. ನಂತರ ಅದನ್ನು ಮಡಚಿ ಒಲೆಯ ಕಟ್ಟಿಗೆಯ ಕೆಳಗಿಟ್ಟು ಕಡ್ಡಿ ಗೀರಿದರು.

"ಗಂಜಿ ಕುಡದ ಹೋಗ್ರಿ," ಎಂದರು.