ಐದೂವರೆಗೆ ಬಿಡುವ ನೌಕರಿ

ಕೆಲಸ ಹುಡುಕಿ ಹೋದವರು ಸಂಬಳ ಕೇಳುತ್ತಾರೆ. ನಾನು "ಸಂಜಿಗೆ ಎಷ್ಟಕ್ಕ ಬಿಡ್ತೀರಿ?" ಎಂದು ಕೇಳಿ ಎರಡು ಕೆಲಸ ಕಳೆದುಕೊಂಡವಳು. ಕೊಲ್ಲಾಪುರದ ಒಂದು ಶಾಲೆಯವರಂತೂ, ಇವಳು ಸೇರುವ ಮೊದಲೇ ಮನೆಗೆ ಹೋಗುವ ಯೋಚನೆಯಲ್ಲಿದ್ದಾಳೆ ಎಂದು ಚಹಾ ಕೂಡ ತರಿಸಲಿಲ್ಲ.

ಇಚಲಕರಂಜಿಯಲ್ಲಿ ನೂಲು ಮಾರುವ ಪೇಢಿಯ ಮಾಲಕರು ಮಾತ್ರ ತಿರುಗಿ ಕೇಳಿದರು. "ಯಾಕ್ರಿ? ಮನ್ಯಾಗ ಸಣ್ಣ ಮಕ್ಕಳದಾವೇನು?"

"ಇಲ್ರಿ. ನಾಟಕ ಬರೀಬೇಕು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಐದೂವರಿಗೆ ಬಿಡ್ತೀವಿ. ಸೋಮವಾರದಿಂದ ಬರ್ರಿ. ಆದ್ರ ನಮ್ಮ ಮ್ಯಾಲ ಬರೀಬ್ಯಾಡ್ರಿ."

ಗಿರಾಕಿಗಳಿಗೆ ಫೋನು ಮಾಡುವುದು, ಕೇಳಿದ ನೂಲು ಕಳಿಸುವುದು ನನ್ನ ಕೆಲಸ. ಸುತ್ತಲೂ ಮಗ್ಗಗಳ ಖಟಖಟ. ರೂಢಿಯಾದ ಮೇಲೆ ಅದು ಮೌನಕ್ಕಿಂತ ಹಿತ. ಐದೂವರೆಗೆ ಬಿಡುತ್ತಿದ್ದರು, ಆರಕ್ಕೆ ಮನೆ. ಆಮೇಲೆ ಬರೆಯುವುದೊಂದೇ ಬಾಕಿ. ಬರೆಯಲಿಲ್ಲ. ಚಹಾ ಕುಡಿದೆ, ಒಗೆದ ಬಟ್ಟೆ ಮಡಚಿದೆ, ತಂಗಿಗೆ ಫೋನು ಮಾಡಿ ಬರೆಯುವುದು ಎಷ್ಟು ಕಷ್ಟ ಎಂದು ವಿವರವಾಗಿ ಹೇಳಿದೆ. ಮೊದಲ ಅಂಕದಲ್ಲಿ ಬಾಗಿಲ ಬಳಿ ನಿಂತ ನನ್ನ ನಾಯಕಿ ಒಳಗೆ ಬರಲೇ ಇಲ್ಲ.

ಅಷ್ಟರಲ್ಲಿ ಮಾಲಕರು ಕೊಲ್ಲಾಪುರದ ಹೊಸ ಶಾಖೆ ನೋಡಿಕೊಳ್ಳಿರಿ ಎಂದರು. ಸ್ವಂತ ಕೋಣೆ, ಒಳ್ಳೆ ಸಂಬಳ. ಮನೆಗೆ ಬರುವ ಹೊತ್ತಿಗೆ ಮಾತ್ರ ಖಾತ್ರಿಯಿಲ್ಲ. ಒದ್ದಾಡಿ ಒದ್ದಾಡಿ ಒಲ್ಲೆ ಎಂದೆ. ಅವರಿಗೆ ಅರ್ಥವಾಗಲಿಲ್ಲ, ನನಗೂ ಪೂರ್ತಿ ಆಗಿರಲಿಲ್ಲ. ಪಕ್ಕದ ಮೇಜಿನವಳು ಆ ಹುದ್ದೆಗೆ ಹೋಗಿ ಕೋಣೆಯ ಫೋಟೋ ಕಳಿಸಿದಳು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ನೀವು ನಂಬಬಾರದು.

ಒಲ್ಲೆ ಎಂದದ್ದನ್ನು ಗಂಡನಿಗೆ ಹೇಳಿದರೆ, "ಅವ್ವಗ ನೀನ ಹೇಳು" ಎಂದು ಚಪ್ಪಲಿ ಮೆಟ್ಟಿ ಹೊರಬಿದ್ದರು. ಅತ್ತೆಯವರು ಮಹಾಗಾಂವದಲ್ಲಿ ಹೊಲ ಮಾಡಿ ಬಾಳಿದವರು. ಮೆಂತ್ಯೆಪಲ್ಲೆಯ ಎಲೆ ಬಿಡಿಸಿ ಸೋಸುತ್ತ ಕೇಳಿಸಿಕೊಂಡರು.

"ನಾಟಕದ ಸಲುವಾಗಿ ಬ್ಯಾಡ ಅಂದಿ?"

"ಹೌದ್ರಿ ಅತ್ತಿ."

"ಎಲ್ಲಿಗೆ ಬಂದೈತಿ ನಾಟಕ?"

ನಾನೂ ಒಂದು ಹಿಡಿ ಮೆಂತ್ಯೆ ಎಳೆದುಕೊಂಡು ಸೋಸತೊಡಗಿದೆ.

"ಹಂಗಾರ ಇಲ್ಲಿ ಯಾಕ ಕುಂತೀಯವ್ವಾ? ಹೋಗಿ ಬರಿ. ಪಲ್ಲೆ ನಾ ಸೋಸ್ತೇನಿ."

'ಬಿಡುವು' ಎಂಬ ಮಾತು 'ಬಿಡು' ಎಂಬುದರಿಂದಲೇ ಹುಟ್ಟಿದ್ದು. ಮಾಲಕರು ಸಂಜೆ ನನ್ನನ್ನು ಬಿಡುವುದೇ ಬಿಡುವು ಎಂದುಕೊಂಡಿದ್ದೆ. ನಾನಾಗಿ ಏನನ್ನೋ ಬಿಟ್ಟ ಮೇಲೆ ಅದಕ್ಕೆ ತೂಕ ಬಂತು. ಬರೆಯದಿರಲು ನೆಪವೇ ಉಳಿಯಲಿಲ್ಲ. ದಿನಾ ಕೂತೆ. ಕೆಟ್ಟದಾಗಿ ಬರೆದೆ, ಹೊಡೆದುಹಾಕಿ ಮತ್ತೆ ಬರೆದೆ. ಮಳೆಗಾಲ ಮುಗಿಯುವಷ್ಟರಲ್ಲಿ ನಾಯಕಿ ಒಳಗೆ ಬಂದು ಮನೆಯನ್ನೆಲ್ಲ ತಲೆಕೆಳಗು ಮಾಡಿದ್ದಳು.

ಗಡಹಿಂಗ್ಲಜದ ಹವ್ಯಾಸಿ ನಟರು ಆ ನಾಟಕ ಆಡಿದರು. ನಾಯಕ ಮಾತು ಮರೆತು ಮರಾಠಿಗೆ ಹೊರಳಿದ. ಅದಕ್ಕೇ ಹೆಚ್ಚು ಚಪ್ಪಾಳೆ. ಆದರೆ ಕೊನೆಯ ದೃಶ್ಯದಲ್ಲಿ ಯಾರೂ ಕೆಮ್ಮಲಿಲ್ಲ. ನಾನು ಅತ್ತೆಯವರ ಹಿಂದಿನ ಸಾಲಿನಲ್ಲಿ ಕೂತಿದ್ದೆ.

ದೀಪ ಹತ್ತಿದಾಗ ಅತ್ತೆಯವರ ಪಕ್ಕದ ಹೆಂಗಸು ಅವರನ್ನು ಕೇಳಿದಳು: "ನಿಮ್ಮ ಸೊಸಿ ಏನ್ ಮಾಡ್ತಾಳ್ರಿ?"

"ನಾಟಕ ಬರೀತಾಳ್ರಿ," ಎಂದರು ಅತ್ತೆಯವರು, ಸೆರಗು ಸರಿಮಾಡಿಕೊಳ್ಳುತ್ತ. "ಹಗಲೊತ್ತು ಖಾಲಿ ಇರ್ತಾಳಲ್ಲ, ಒಂದು ನೌಕರಿಗೂ ಹೋಗ್ತಾಳ."